ಕಲ್ಲಿದ್ದಲ ಗುಂಡಿ, ಪಕ್ಕದವರ ಬಾವಿ

(ಗದಗಿನಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಗದಗ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಕೂತಾಗ ನೀವೆಲ್ಲ ನೋಡಿರುತ್ತೀರಿ. ಎದುರಿನ ಹಳಿಯ ಮೇಲೆ ಉದ್ದನೆಯ ಗೂಡ್ಸ್ ಗಾಡಿ ಹೋಗುತ್ತಿರುತ್ತದೆ. ಡಬ್ಬಿ ತುಂಬ ಕಲ್ಲಿದ್ದಲು. ಎಣಿಸುತ್ತ ನಿಂತರೆ ಐವತ್ತು ದಾಟುತ್ತದೆ. ಅದು ಗೋವಾದ ಮುರಗಾಂವ ಬಂದರಿನಲ್ಲಿ ಹಡಗಿನಿಂದ ಇಳಿದ ಮಾಲು. ಕ್ಯಾಸಲ್‌ರಾಕ್ ಘಟ್ಟ ಹತ್ತಿ, ಲೋಂಡಾ, ಧಾರವಾಡ, ಹುಬ್ಬಳ್ಳಿ ದಾಟಿ, ನಮ್ಮೂರಿನ ಮೇಲೆ ಹಾಯ್ದು ತೋರಣಗಲ್ಲಿನ ಕಡೆ ಹೋಗುತ್ತದೆ. ಉಕ್ಕು ಮಾಡಲು ಬೇಕು. ಆ ಡಬ್ಬಿಯಿಂದ ಹಾರುವ ಕರಿ ಪುಡಿಯ ಮಾತು ಇನ್ನೊಂದು ದಿನಕ್ಕಿರಲಿ. ಇವತ್ತು ನಾನು ಕೇಳುವ ಪ್ರಶ್ನೆ ಬೇರೆ. ಕಲ್ಲಿದ್ದಲನ್ನು ನೆಲದಿಂದ ತೆಗೆಯುವ ಪ್ರತಿಯೊಂದು ಕಡೆಯೂ ಅದರ ಜೊತೆ ನೀರನ್ನೂ ಎತ್ತಿ ಹೊರಗೆ ಚೆಲ್ಲುತ್ತಾರೆ. ಆ ನೀರು ಯಾರದಾಗಿತ್ತು?

ಇಲ್ಲಿಗೆ ಬರುವಾಗ ಒಬ್ಬ ಹುಡುಗ ಕೇಳಿದ, "ಸರ್, ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲವಲ್ಲ, ಗದಗಿನಲ್ಲಿ ಯಾಕೆ ಈ ಮಾತು?" ಅಂತ. ಅವನ ಮಾತು ಸರಿ. ನಮ್ಮ ನೆಲದಲ್ಲಿ ಕಲ್ಲಿದ್ದಲಿಲ್ಲ. ಆದರೆ ಇಲ್ಲಿ ಚಿನ್ನ ಇದೆ, ಮ್ಯಾಂಗನೀಸ್ ಇದೆ, ಕಲ್ಲಿನ ಕ್ವಾರಿಗಳಿವೆ, ತುಂಗಭದ್ರೆಯಲ್ಲಿ ಮರಳಿದೆ. ಏನನ್ನೇ ಅಗೆದರೂ ನೀರು ನಡೆದುಕೊಳ್ಳುವ ರೀತಿ ಒಂದೇ. ಕಲ್ಲಿದ್ದಲ ನಾಡಿನಲ್ಲಿ ಈ ಕೆಲಸ ಇನ್ನೂರು ವರ್ಷಕ್ಕೂ ಜಾಸ್ತಿ ನಡೆದಿದೆ. ಬಂಗಾಳದ ರಾಣಿಗಂಜಿನಲ್ಲಿ 1774ರಲ್ಲೇ ಅಗೆಯಲು ಶುರು ಮಾಡಿದರು. ನೀರಿಗೆ ಏನಾಗುತ್ತದೆ ಅನ್ನುವುದು ಅಲ್ಲಿ ಪೂರ್ತಿ ನಡೆದು ಹೋಗಿದೆ. ನಮಗೆ ಇನ್ನೂ ಅರ್ಧ ನಡೆಯಬೇಕಿದೆ. ಅದಕ್ಕೇ ಈ ಮಾತು.

ಮೊದಲು ನಮ್ಮ ಮನೆಯದೇ ಒಂದು ಸಂಗತಿ ಹೇಳಿಬಿಡುತ್ತೇನೆ. ಶಿರಹಟ್ಟಿ ಕಡೆ ನಮ್ಮದೊಂದು ಹೊಲವಿದೆ. ಮಸಾರಿ ಭೂಮಿ. ಅದರಲ್ಲಿ ನಮ್ಮ ಅಪ್ಪ ತೋಡಿಸಿದ ಬಾವಿ. ಇಳಿಯಲು ಕಲ್ಲಿನ ಪಾವಟಿಗೆಗಳು. ಚಿಕ್ಕಂದಿನಲ್ಲಿ ನಮಗೆ ನೀರಿನ ಲೆಕ್ಕ ಅಂದರೆ ಪಾವಟಿಗೆಯ ಲೆಕ್ಕ. "ಈ ಸಲ ಹನ್ನೊಂದನೇ ಪಾವಟಿಗೆಗೆ ಇಳಿದದೆ" ಅಂದರೆ ಬೇಸಿಗೆ ಬಿಗಿಯಾಗಿದೆ ಅಂತ ಅರ್ಥ. ಅರ್ಧ ಮೈಲಿ ದೂರದಲ್ಲಿ ಒಂದು ಕ್ವಾರಿ ಶುರುವಾಯಿತು. ಮೊದಮೊದಲು ಮೇಲಿನ ಕಲ್ಲು ತೆಗೆದರು. ಆಮೇಲೆ ಕೆಳಗೆ ಇಳಿದರು. ಗುಂಡಿಯಲ್ಲಿ ನೀರು ಬಂತು. ಪಂಪು ಹಚ್ಚಿ ಹಳ್ಳಕ್ಕೆ ಬಿಟ್ಟರು. ಮೂರನೇ ಬೇಸಿಗೆಗೆ ನಮ್ಮ ಬಾವಿಯ ತಳ ಕಂಡಿತು. ತಳದಲ್ಲಿ ನಾವು ಹುಡುಗರಿದ್ದಾಗ ಬೀಳಿಸಿದ ಒಂದು ತಾಮ್ರದ ತಂಬಿಗೆ ಸಿಕ್ಕಿತು. ಅದನ್ನು ನಮ್ಮ ಅವ್ವ ಒರೆಸಿ ಇಟ್ಟುಕೊಂಡಳು. ಮಾತಾಡಲಿಲ್ಲ.

ನಾನು ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಅಲ್ಲಿ ಒಂದೇ ಪ್ರಶ್ನೆ ಕೇಳಿದರು. "ಕ್ವಾರಿ ಬರುವ ಮೊದಲು ಬಾವಿಯಲ್ಲಿ ಎಷ್ಟು ನೀರಿತ್ತು? ಬರೆದಿಟ್ಟಿದ್ದೀರಾ?" ಇಲ್ಲ. ಪಾವಟಿಗೆಯ ಲೆಕ್ಕ ಬಾಯಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ. ಮಳೆ ಕಡಿಮೆ ಆಗಿದೆ, ಸುತ್ತ ಬೋರು ಜಾಸ್ತಿ ಆಗಿವೆ, ಕ್ವಾರಿಯಿಂದಲೇ ಅಂತ ಹೇಗೆ ಹೇಳುತ್ತೀರಿ ಅಂದರು. ನಾನು ಜಿಯಾಲಜಿ ಪಾಠ ಮಾಡಿದವನು. ಅವರ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರ್ಷದಿಂದ ನಾನು ಓದಿದ್ದು, ತಿರುಗಾಡಿ ನೋಡಿದ್ದು ಎಲ್ಲ ಈ ಒಂದೇ ವಿಷಯ.

ಈಗ ನೀರು ಹೇಗೆ ಹೋಗುತ್ತದೆ ನೋಡೋಣ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ನಮ್ಮ ಹೆಣ್ಣುಮಕ್ಕಳು ಮರಳಲ್ಲಿ ವರತಿ ತೋಡುತ್ತಿದ್ದರಲ್ಲ, ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರುತ್ತದೆ. ಮೊಳ ಆಳ ತೋಡಿದರೆ ತಿಳಿನೀರು ಜಿನುಗುತ್ತದೆ. ಬಟ್ಟಲಲ್ಲಿ ತೋಡಿ ತೋಡಿ ಕೊಡ ತುಂಬಬೇಕು. ಅಲ್ಲೇ ಪಕ್ಕದಲ್ಲಿ ಇನ್ನೊಬ್ಬಾಕೆ ಇನ್ನೂ ಆಳದ ವರತಿ ತೋಡಿ ಜೋರಾಗಿ ತುಂಬಿಕೊಂಡರೆ ಏನಾಗುತ್ತದೆ? ಮೊದಲಿನವಳ ವರತಿ ಇಳಿಯುತ್ತದೆ. ಜಗಳ ಬೀಳುತ್ತದೆ. ನೆಲದ ಮೇಲೆ ನೋಡಿದರೆ ಎರಡು ಬೇರೆ ಬೇರೆ ಗುಂಡಿ. ಮರಳಿನ ಒಳಗೆ ನೀರು ಒಂದೇ. ಆಳದ ಗುಂಡಿ ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಕಲ್ಲಿದ್ದಲ ಗಣಿ ಅಂದರೆ ನೂರಾರು ಅಡಿ ಆಳದ ವರತಿ. ಅದು ಎಷ್ಟೋ ಎಕರೆ ಅಗಲ. ಅದರಲ್ಲಿ ಹಗಲೂ ರಾತ್ರಿ ಪಂಪು ನಡೆಯುತ್ತದೆ. ಯಾಕೆಂದರೆ ನೀರು ನಿಂತರೆ ಕೆಲಸ ನಿಲ್ಲುತ್ತದೆ. ನಮ್ಮ ದೇಶದಲ್ಲಿ 2024-25ರಲ್ಲಿ ಕಲ್ಲಿದ್ದಲ ಉತ್ಪಾದನೆ 100 ಕೋಟಿ ಟನ್ ದಾಟಿತು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಬರುವುದು ಇಂಥ ತೆರೆದ ಗುಂಡಿಗಳಿಂದ.

ಅಲ್ಲಿಯ ಕಲ್ಲಿಗೂ ನಮ್ಮ ಕಲ್ಲಿಗೂ ದೊಡ್ಡ ವ್ಯತ್ಯಾಸ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ವಿದ್ಯಾರ್ಥಿಗಳು ಗಮನವಿಟ್ಟು ಕೇಳಿ. ನಮ್ಮ ಕಾಲ ಕೆಳಗಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಈ ಸೀಮೆಯಲ್ಲಿ ತಿರುಗಾಡಿ, ಈ ಜಾತಿಯ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಇವತ್ತು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಗೂ ಧಾರವಾಡ ಅನ್ನುವ ಹೆಸರು ಗೊತ್ತು. ಈ ಕಲ್ಲಿನ ಮೈಯಲ್ಲಿ ನೀರು ಹಿಡಿಯುವುದಿಲ್ಲ. ಬಿರುಕಿನಲ್ಲಿ ಮಾತ್ರ ಹಿಡಿಯುತ್ತದೆ. ಅದಕ್ಕೇ ನಿಮ್ಮ ಬೋರಿಗೆ ನೀರು ಬಿದ್ದು ಪಕ್ಕದವರದು ಖಾಲಿ ಹೋಗುವುದು. ಕಲ್ಲಿದ್ದಲ ಕಥೆ ಬೇರೆ. ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢ, ತೆಲಂಗಾಣದ ಕಲ್ಲಿದ್ದಲು ಸುಮಾರು 25-30 ಕೋಟಿ ವರ್ಷದ ಹಿಂದಿನದು. ಗೊಂಡ್ವಾನ ಪದರ ಅನ್ನುತ್ತಾರೆ. ಅಲ್ಲಿ ಕಲ್ಲಿದ್ದಲ ಹಾಸಿನ ಮೇಲೂ ಕೆಳಗೂ ಮರಳುಗಲ್ಲು ಇದೆ. ಮರಳುಗಲ್ಲು ಅಂದರೆ ನೀರು ಕುಡಿದು ಇಟ್ಟುಕೊಳ್ಳುವ ಕಲ್ಲು. ಊರಿನ ಬಾವಿಗಳ ಸೆಲೆ ಅದೇ. ಕಲ್ಲಿದ್ದಲು ಬೇಕೆಂದರೆ ಆ ಮರಳುಗಲ್ಲನ್ನು ಒಡೆದು ತೆಗೆಯಲೇಬೇಕು. ಹೊರಗೆ ಗುಡ್ಡದಂತೆ ಸುರಿಯುತ್ತಾರೆ. ಗಣಿಯವರ ಮಾತಿನಲ್ಲಿ ಅದಕ್ಕೆ ಓಬಿ ಅಂತ ಹೆಸರು, ಅಂದರೆ ಕಲ್ಲಿದ್ದಲ ಮೇಲಿನ ಬೇಡದ ಹೊರೆ. ನೀರಿನ ಲೆಕ್ಕದಲ್ಲಿ ನೋಡಿದರೆ ಆ ಊರಿನ ಹಗೇವು ಅದು, ಕಾಳು ಕೂಡಿಡುವ ನೆಲದೊಳಗಿನ ಕಣಜ ಇದ್ದ ಹಾಗೆ. ಬಾವಿಯವನಿಗೆ ಬೇಕಾದದ್ದು ಗಣಿಯವನಿಗೆ ಕಸ.

ಆ ಗುಡ್ಡದ ಕೆಳಗೆ ಸಣ್ಣ ಹಳ್ಳಗಳು ಮುಚ್ಚಿ ಹೋಗುತ್ತವೆ. ಮಳೆ ಬಂದರೆ ಸಡಿಲ ಮಣ್ಣು ಇಳಿದು ಹೊಳೆಗೆ ಸೇರುತ್ತದೆ. ಕೆಲವು ಕಡೆ ಹಳ್ಳದ ದಾರಿಯನ್ನೇ ತಿರುಗಿಸುತ್ತಾರೆ.

ನೆಲದೊಳಗೆ ಸುರಂಗ ಹೊಡೆದು ತೆಗೆಯುವ ಗಣಿಗಳ ತೊಂದರೆ ಇನ್ನೊಂದು ತರಹ. ಅಲ್ಲಿ ಚಾವಣಿ ಬೀಳದಂತೆ ಕಲ್ಲಿದ್ದಲಿನದೇ ಕಂಬಗಳನ್ನು ಬಿಡುತ್ತ ಹೋಗುತ್ತಾರೆ. ಕೊನೆಗೆ ಆ ಕಂಬಗಳನ್ನೂ ತೆಗೆಯುತ್ತಾರೆ. ಆಗ ಮೇಲಿನ ನೆಲ ಕುಸಿಯುತ್ತದೆ, ಸೀಳು ಬಿಡುತ್ತದೆ. ಬಂಗಾಳದ ಊರುಗಳಲ್ಲಿ ಮನೆ ಮನೆಗೂ ಪುಕುರ್ ಅಂತ ಹೊಂಡ ಇರುತ್ತದೆ. ಮೀನು ಸಾಕುವುದು, ಬಟ್ಟೆ ಒಗೆಯುವುದು, ಜಳಕ ಎಲ್ಲ ಅದರಲ್ಲೇ. ಸೀಳು ಬಿಟ್ಟರೆ ಆ ಹೊಂಡದ ನೀರು ಕೆಳಗೆ ಇಳಿದು ಹೋಗುತ್ತದೆ. ನಮ್ಮ ಕೃಷಿಹೊಂಡದ ತಾಡಪತ್ರಿ ಹರಿದರೆ ಹೇಗೋ ಹಾಗೆ. ಆದರೆ ಅಲ್ಲಿ ಹೊಸ ತಾಡಪತ್ರಿ ಹಾಸಲು ಬರುವುದಿಲ್ಲ.

ಇಷ್ಟು ನೀರು ಎಷ್ಟು ಅನ್ನುವ ಮಾತು. ನೀರು ಎಂಥದು ಅನ್ನುವುದು ಇನ್ನೊಂದು. ಕಲ್ಲಿದ್ದಲಲ್ಲಿ ಮತ್ತು ಅದರ ಸುತ್ತಲಿನ ಕಲ್ಲಿನಲ್ಲಿ ಪೈರೈಟ್ ಅನ್ನುವ ಹೊಳೆಯುವ ಖನಿಜ ಇರುತ್ತದೆ. ಕಬ್ಬಿಣ ಮತ್ತು ಗಂಧಕ ಸೇರಿದ್ದು. ನೆಲದೊಳಗೆ ಗಾಳಿ ತಾಗದೆ ಇದ್ದಷ್ಟು ದಿನ ಅದು ಸುಮ್ನೆ ಇರುತ್ತದೆ. ಅಗೆದು ಹೊರಗೆ ಹಾಕಿದ ಮೇಲೆ ಗಾಳಿ, ಮಳೆ ಎರಡೂ ತಾಗಿ ಗಂಧಕದ ಆಮ್ಲ ಹುಟ್ಟುತ್ತದೆ. ಇಲ್ಲಿ ಒಂದು ಮಾತು ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ನಾಳೆ ಯಾರಾದರೂ ನಿಮ್ಮನ್ನು ಸುಳ್ಳುಗಾರ ಅಂದಾರು. ಝರಿಯಾ, ತಾಲಚೇರ್, ಸಿಂಗರೇಣಿ ಕಡೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸಾಮಾನ್ಯವಾಗಿ ನೂರಕ್ಕೆ ಒಂದರ ಒಳಗೆ. ಅಲ್ಲಿಯ ಗಣಿ ನೀರಿನಲ್ಲಿ ಗಡಸುತನ, ಸಲ್ಫೇಟ್ ಇವೇ ದೊಡ್ಡ ತೊಂದರೆ. ಈಶಾನ್ಯದ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಮೇಘಾಲಯದ ಜೈಂತಿಯಾ ಗುಡ್ಡಗಳಲ್ಲಿ ಲೂಖಾ ಅಂತ ಹೊಳೆ ಇದೆ. ಚಳಿಗಾಲದಲ್ಲಿ ಅದರ ನೀರು ಕಡು ನೀಲಿಯಾಗುತ್ತದೆ. ಫೋಟೋದಲ್ಲಿ ನೋಡಿದರೆ ಬಹಳ ಚೆಂದ ಅನ್ನಿಸುತ್ತದೆ. ಅದರಲ್ಲಿ ಮೀನು ಸತ್ತಿವೆ. ಅದೇ ಗುಡ್ಡಗಳ ಇನ್ನೊಂದು ಕಡೆಯಿಂದ ಇಳಿಯುವ ಕೋಪಿಲಿ ನದಿಗೆ ಅಸ್ಸಾಮಿನಲ್ಲಿ ಕಟ್ಟಿದ ಜಲವಿದ್ಯುತ್ ಸ್ಥಾವರದ ಉಕ್ಕಿನ ಯಂತ್ರಗಳನ್ನೇ ಗಣಿಗಳ ಹುಳಿ ನೀರು ತಿಂದಿದೆ. ಉಕ್ಕನ್ನು ತಿನ್ನುವ ನೀರು ಭತ್ತದ ಗದ್ದೆಗೆ ಹೋದರೆ ಏನಾದೀತು, ನೀವೇ ಯೋಚನೆ ಮಾಡಿ. ಹಸಿರು ನ್ಯಾಯಮಂಡಳಿ 2014ರಲ್ಲಿ ಅಲ್ಲಿಯ ಇಲಿಬಿಲದಂಥ ಗಣಿಗಳನ್ನು ನಿಷೇಧಿಸಿತು. ಆದರೂ 2018ರ ಡಿಸೆಂಬರ್ 13ರಂದು ಕ್ಸಾನ್ ಅನ್ನುವಲ್ಲಿ ಅಂಥದೇ ಒಂದು ಗಣಿಗೆ ನೀರು ನುಗ್ಗಿ 15 ಜನ ಒಳಗೇ ಉಳಿದರು.

ಗಣಿ ಮುಚ್ಚಿದ ಮೇಲೂ ನೀರಿನ ಕೆಲಸ ಮುಗಿಯುವುದಿಲ್ಲ. ಪಂಪು ನಿಲ್ಲಿಸಿದ ದಿನದಿಂದ ಖಾಲಿ ಸುರಂಗಗಳಲ್ಲಿ ನೀರು ಏರಲು ಶುರುವಾಗುತ್ತದೆ. ಹಳೆಯ ಗಣಿ ಒಂದು ದೊಡ್ಡ ಗುಪ್ತ ಕೆರೆಯಾಗುತ್ತದೆ. ಅದರ ನಕಾಶೆ ಸರಿಯಿಲ್ಲದಿದ್ದರೆ ಪಕ್ಕದ ಗಣಿಯವರಿಗೆ ತಾವು ಎಲ್ಲಿ ಅಗೆಯುತ್ತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್ನಾಲಾದಲ್ಲಿ ಹೀಗೆ ನಿಂತ ನೀರು ಕೆಳಗಿನ ಗಣಿಗೆ ನುಗ್ಗಿತು. 375 ಕಾರ್ಮಿಕರು ಸತ್ತರು.

ಇನ್ನು ಹಕ್ಕಿನ ಮಾತಿಗೆ ಬರುತ್ತೇನೆ. ಇದಕ್ಕೆ ನಾವು ಸ್ವಲ್ಪ ದೂರ, ಇಂಗ್ಲೆಂಡಿನ ಲ್ಯಾಂಕಶೈರಿಗೆ ಹೋಗಬೇಕು. ಅಲ್ಲಿ ಒಬ್ಬರದು ಹತ್ತಿಯ ಗಿರಣಿ. ಗದಗ, ಹುಬ್ಬಳ್ಳಿಯವರಿಗೆ ಹತ್ತಿ ಗಿರಣಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಗೆ ನೀರು ಬೇಕು ಅಂತ ಬಾವಿ ತೋಡಿಸಿಕೊಂಡಿದ್ದರು. ಸ್ವಲ್ಪ ದೂರದಲ್ಲಿ ಇನ್ನೊಬ್ಬರು ಕಲ್ಲಿದ್ದಲ ಗಣಿ ಇಳಿಸಿದರು. ಬಾವಿ ಬತ್ತಿತು. ನಮ್ಮ ಅಪ್ಪನ ಬಾವಿಯ ಕಥೆಯೇ. ಗಿರಣಿಯವರು ಕೋರ್ಟಿಗೆ ಹೋದರು. 1843ರಲ್ಲಿ ತೀರ್ಪು ಬಂತು. ಆ್ಯಕ್ಟನ್ ವಿರುದ್ಧ ಬ್ಲಂಡೆಲ್ ಅಂತ ಆ ದಾವೆಯ ಹೆಸರು. ನೆಲದೊಳಗೆ ಜಿನುಗುವ ನೀರು ಕಣ್ಣಿಗೆ ಕಾಣುವ ಹೊಳೆಯಂತೆ ಅಲ್ಲ, ಯಾರ ನೆಲದ ಕೆಳಗಿದೆಯೋ ಅವರದು, ಅವರು ಎತ್ತಿದ್ದರಿಂದ ಪಕ್ಕದವನ ಬಾವಿ ಬತ್ತಿದರೆ ಅದಕ್ಕೆ ಪರಿಹಾರ ಇಲ್ಲ ಅಂತ ಕೋರ್ಟು ಹೇಳಿತು.

ಅದೇ ಲ್ಯಾಂಕಶೈರಿನಲ್ಲಿ ಇನ್ನೊಂದು ದಾವೆ ಆಯಿತು. ಅದು ಉಲ್ಟಾ. ಗಿರಣಿಯವನು ನೀರಿಗಾಗಿ ಕೆರೆ ಕಟ್ಟಿಸಿದ. ಅದರ ತಳದಲ್ಲಿ ಹಳೆಯ ಗಣಿಯ ಬಾಯಿಗಳಿದ್ದವು. ಅದರೊಳಗಿಂದ ನೀರು ಇಳಿದು ಪಕ್ಕದ ಕಲ್ಲಿದ್ದಲ ಗಣಿ ಮುಳುಗಿತು. 1868ರಲ್ಲಿ ತೀರ್ಪು. ನಿನ್ನ ನೀರು ಹೊರಗೆ ಹೋಗಿ ಹಾನಿ ಮಾಡಿದರೆ, ನಿನ್ನ ತಪ್ಪು ಇರಲಿ ಬಿಡಲಿ, ನೀನೇ ತುಂಬಿಕೊಡಬೇಕು. ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್. ಇಲ್ಲಿ ಕಾನೂನು ಓದುವ ಮಕ್ಕಳಿದ್ದರೆ ಈ ಹೆಸರು ಮೊದಲ ವರ್ಷದಲ್ಲೇ ಕೇಳಿರುತ್ತೀರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಿರಣಿಯ ನೀರು ಗಣಿಗೆ ಹೋದರೆ ಗಿರಣಿಯವನು ಹಣ ಕಟ್ಟಬೇಕು. ಗಣಿ ಗಿರಣಿಯ ನೀರು ಎಳೆದುಕೊಂಡರೆ ಗಣಿಯವನು ಏನೂ ಕಟ್ಟಬೇಕಾಗಿಲ್ಲ. ಎರಡೂ ಸಲ ಗೆದ್ದದ್ದು ಗಣಿಯೇ.

ಇದು ಪರದೇಶದ ಹಳೆಯ ಕಥೆ ಅಂತ ಬಿಡಬೇಡಿ. 1882ರಲ್ಲಿ ನಮ್ಮಲ್ಲಿ ಈಸ್‌ಮೆಂಟ್ ಕಾಯ್ದೆ, ಅಂದರೆ ಅಕ್ಕಪಕ್ಕದ ಭೂಮಿಗಳ ನಡುವಿನ ಹಕ್ಕುಗಳ ಕಾಯ್ದೆ, ಬಂತು. 1891ರಲ್ಲಿ ಅದನ್ನು ಮುಂಬಯಿ ಪ್ರಾಂತಕ್ಕೆ ಹಚ್ಚಿದರು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಗದಗ ಧಾರವಾಡ ಜಿಲ್ಲೆಯಲ್ಲಿತ್ತು. ಆ ಕಾಯ್ದೆಯ 7ನೇ ಕಲಮಿನ ಕೆಳಗೆ ಒಂದು ಉದಾಹರಣೆ ಇದೆ. ಗೊತ್ತಾದ ಕಾಲುವೆಯಾಗಿ ಹರಿಯದೆ ನೆಲದೊಳಗೆ ಇರುವ ನೀರನ್ನು ತನ್ನ ಎಲ್ಲೆಯೊಳಗೆ ಹಿಡಿದು ಬಳಸುವ ಹಕ್ಕು ಭೂಮಿಯ ಒಡೆಯನಿಗೆ ಇದೆ ಅಂತ. ನೀವು ನಿಮ್ಮ ಹೊಲದಲ್ಲಿ ಬೋರು ಹೊಡೆಸುವುದು ಇದೇ ಹಕ್ಕಿನ ಬಲದ ಮೇಲೆ. ಅದನ್ನು ಯಾರಾದರೂ ಮುಟ್ಟಿದರೆ ನಮಗೆ ಸಿಟ್ಟು ಬರುತ್ತದೆ. ಸಹಜ. ಆದರೆ ಅದೇ ಹಕ್ಕಿನ ನೆರಳಿನಲ್ಲಿ ಗಣಿಯವನೂ ನಿಂತಿದ್ದಾನೆ. ಐದು ಎಚ್‌ಪಿ ಪಂಪಿಗೂ ಗಣಿಯ ಪಂಪಿಗೂ ಕಾನೂನಿನ ಕಣ್ಣಿನಲ್ಲಿ ಹಕ್ಕು ಒಂದೇ ತರಹದ್ದು. ಗಣಿಯಿಂದ ನೀರೆತ್ತಲು ಈಗ ಅನುಮತಿ ಬೇಕು, ಸುತ್ತ ನೀರಿನ ಮಟ್ಟ ನೋಡುವ ಕೊಳವೆ ಇಡಬೇಕು ಅಂತೆಲ್ಲ ನಿಯಮ ಬಂದಿವೆ. ಒಳ್ಳೆಯದೇ. ಆದರೆ ಬುಡದ ಹಕ್ಕು ಭೂಮಿಗೆ ಕಟ್ಟಿದ್ದು. ಭೂಮಿಯೇ ಇಲ್ಲದವರು, ಊರ ಬಾವಿಯಿಂದ, ಹಳ್ಳದಿಂದ ನೀರು ತರುವ ಕೂಲಿಯವರು ಇದರಲ್ಲಿ ಎಲ್ಲಿಯೂ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇದೇ.

ಕಲ್ಲಿದ್ದಲಿಗೆ 1957ರದ್ದು ಬೇರೆಯದೇ ಒಂದು ಸ್ವಾಧೀನ ಕಾಯ್ದೆ ಇದೆ. ಕಲ್ಲಿದ್ದಲಿರುವ ಭೂಮಿಯನ್ನು, ಅದರ ಮೇಲಿನ ಹಕ್ಕನ್ನು ಕೇಂದ್ರ ಸರ್ಕಾರ ತೆಗೆದುಕೊಳ್ಳಬಹುದು. ನಕಾಶೆಯಲ್ಲಿ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಒಳಗಿನವರಿಗೆ ಪರಿಹಾರ, ಅದೂ ಎಷ್ಟು, ಯಾವಾಗ ಅಂತ ಜಗಳ. ಗೆರೆಯ ಹೊರಗಿನವನ ಹೊಲ ಹೋಗಿಲ್ಲ, ಮನೆ ಹೋಗಿಲ್ಲ. ಅವನ ಬಾವಿಯ ನೀರು ಮಾತ್ರ ಗೆರೆ ದಾಟಿ ಒಳಗೆ ಹೋಗಿದೆ. ಅವನು ಯಾವ ಪಟ್ಟಿಯಲ್ಲಿಯೂ ಇಲ್ಲ. ಗಣಿಯವರು ಎತ್ತಿದ ನೀರನ್ನು ಶುದ್ಧ ಮಾಡಿ ಅಂಥ ಊರುಗಳಿಗೆ ಕೊಡುವುದೂ ಇದೆ. ಕೊಡಲಿ, ಬಾಯಾರಿದವರಿಗೆ ನೀರು ಮುಖ್ಯ. ಆದರೆ ನಿನ್ನೆಯವರೆಗೆ ಸ್ವಂತ ಬಾವಿಯಲ್ಲಿ ಹಗ್ಗ ಬಿಡುತ್ತಿದ್ದ ಹೆಣ್ಣುಮಗಳು ಇವತ್ತು ಕೊಡ ಸಾಲಿಗೆ ಇಟ್ಟು ನಿಲ್ಲುತ್ತಾಳೆ. ಗಣಿಯ ಕಲ್ಲಿದ್ದಲು ಮುಗಿದ ದಿನ ಆ ನಳಕ್ಕೆ ಯಾರು ಜವಾಬ್ದಾರಿ ಅಂತ ಅವಳಿಗೆ ಯಾರೂ ಬರೆದು ಕೊಟ್ಟಿಲ್ಲ.

ಇನ್ನೊಂದು ತೀರ್ಪಿನ ಮಾತು ಹೇಳುತ್ತೇನೆ. ಶುದ್ಧ ನೀರು, ಶುದ್ಧ ಗಾಳಿ ಬದುಕುವ ಹಕ್ಕಿನ ಒಳಗೇ ಸೇರಿದೆ ಅಂತ ಸುಪ್ರೀಂ ಕೋರ್ಟು ಹೇಳಿದೆ ಅಂತ ನೀವು ಭಾಷಣಗಳಲ್ಲಿ ಕೇಳಿರುತ್ತೀರಿ. ಆ ಮಾತು ಬಂದದ್ದು 1991ರ ಸುಭಾಷ್ ಕುಮಾರ್ ದಾವೆಯಲ್ಲಿ. ಅದು ಕಲ್ಲಿದ್ದಲ ದಾವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕಲ್ಲಿದ್ದಲು ತೊಳೆದ ರಾಡಿಯನ್ನು ಬೊಕಾರೊ ನದಿಗೆ ಬಿಡುತ್ತಾರೆ ಅನ್ನುವುದು ದೂರು. ಕೋರ್ಟು ಆ ದೊಡ್ಡ ಮಾತನ್ನು ಹೇಳಿತು, ಹೇಳಿ ಅರ್ಜಿಯನ್ನು ವಜಾ ಮಾಡಿತು. ಅರ್ಜಿದಾರ ಆ ರಾಡಿಯ ವ್ಯಾಪಾರದಲ್ಲಿ ತನ್ನ ಸ್ವಂತ ಲಾಭಕ್ಕೆ ಬಂದಿದ್ದಾನೆ ಅಂತ ಕಾರಣ ಕೊಟ್ಟಿತು. ಹಕ್ಕು ನಮ್ಮ ದೇಶಕ್ಕೆಲ್ಲ ಸಿಕ್ಕಿತು. ಆ ದಾವೆಯಿಂದ ಬೊಕಾರೊ ದಂಡೆಯವರಿಗೆ ಏನೂ ಸಿಗಲಿಲ್ಲ.

ನಮ್ಮ ಕಡೆಯವರಿಗೆ ನೀರಿನ ಹಕ್ಕಿಗೆ ಹೋರಾಡುವುದು ಹೊಸದಲ್ಲ. 1980ರ ಜುಲೈ 21, ನರಗುಂದ, ನವಲಗುಂದ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕೇಳಿದರು. ರೈತರು ಎದ್ದರು, ಗುಂಡು ಹಾರಿತು, ಪ್ರಾಣ ಹೋದವು. ಈಗಲೂ ಪ್ರತಿ ವರ್ಷ ಆ ದಿನ ನಾವು ಹೂ ಹಾಕುತ್ತೇವೆ. ನಾನು ಆ ಹೋರಾಟದ ಬಗ್ಗೆ ಒಂದು ವಿಚಾರ ಮಾಡುತ್ತಿರುತ್ತೇನೆ. ಕಾಲುವೆಗೆ ತೂಬಿದೆ. ತೂಬಿಗೆ ಒಬ್ಬ ನೌಕರನಿದ್ದಾನೆ. ನೀರು ಬಿಟ್ಟ ದಿನ, ಬಿಡದ ದಿನ ರಿಜಿಸ್ಟರಿನಲ್ಲಿ ಇರುತ್ತದೆ. ನೀರು ಬರಲಿಲ್ಲ ಅಂತ ರೈತ ಬೆರಳು ತೋರಿಸಿ ಹೇಳಬಹುದು. ನೆಲದೊಳಗಿನ ನೀರಿಗೆ ತೂಬಿಲ್ಲ, ರಿಜಿಸ್ಟರಿಲ್ಲ. ಯಾರು ಒಯ್ದರು ಅಂತ ಬೆರಳು ತೋರಿಸಲು ಏನೂ ಇಲ್ಲ. ಹೋರಾಟ ಕಟ್ಟುವುದು ಕಷ್ಟವಾಗುವುದು ಇಲ್ಲೇ.

ಕಲ್ಲಿದ್ದಲಿನ ನೀರಿನ ಲೆಕ್ಕ ಗಣಿಯಲ್ಲಿಯೇ ಮುಗಿಯುವುದಿಲ್ಲ, ಅದನ್ನು ಸುಡುವಲ್ಲಿಯೂ ಇದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಸ್ಥಾವರ ಇದೆ. ನೀರು ಆಲಮಟ್ಟಿಯದು. ಒಂದು ಮೆಗಾವಾಟ್-ಗಂಟೆ ವಿದ್ಯುತ್ತಿಗೆ ಹಳೆಯ ಸ್ಥಾವರಗಳು 3.5 ಘನ ಮೀಟರ್, ಹೊಸವು 3 ಘನ ಮೀಟರ್ ನೀರಿನ ಮಿತಿ ದಾಟಬಾರದು ಅಂತ ನಿಯಮ. ಕಡಿಮೆಯದನ್ನೇ ಹಿಡಿಯಿರಿ, 3 ಘನ ಮೀಟರ್ ಅಂದರೆ ಮೂರು ಸಾವಿರ ಲೀಟರ್. ಪೂರ್ತಿ ಓಡಿದರೆ ಗಂಟೆಗೆ 72 ಲಕ್ಷ ಲೀಟರ್ ಆಗುತ್ತದೆ. ಗದಗ-ಬೆಟಗೇರಿಯ ಜನಸಂಖ್ಯೆ 2011ರಲ್ಲಿ 1.72 ಲಕ್ಷ. ತಲೆಗೆ ದಿನಕ್ಕೆ 135 ಲೀಟರ್ ಕೊಟ್ಟರೂ ಊರಿಗೆಲ್ಲ ಬೇಕಾಗುವುದು 2.3 ಕೋಟಿ ಲೀಟರ್. ಅಷ್ಟು ನೀರು ಆ ಸ್ಥಾವರಕ್ಕೆ ಮೂರೂಕಾಲು ಗಂಟೆಗೆ ಸಾಕಾಗುತ್ತದೆ. ಕರೆಂಟು ಬೇಡ ಅಂತ ನಾನು ಹೇಳುವುದಿಲ್ಲ. ಈ ಮೈಕು ನಡೆಯುತ್ತಿರುವುದೂ ಅದರಿಂದಲೇ. ಲೆಕ್ಕ ಗೊತ್ತಿರಲಿ ಅಂತ ಹೇಳಿದೆ.

ಈಗ ಕಪ್ಪತಗುಡ್ಡ. 2015ರ ಡಿಸೆಂಬರಿನಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಅಂತ ಸಾರಿದರು. 2016ರ ನವೆಂಬರಿನಲ್ಲಿ ಆದೇಶ ವಾಪಸ್ ತೆಗೆದುಕೊಂಡರು. ಚಿನ್ನದ ಗಣಿ ಬರುತ್ತದೆ ಅನ್ನುವ ಭಯ ಹಬ್ಬಿತು. ಲಿಂಗೈಕ್ಯ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಇದೇ ಊರಿನಲ್ಲಿ ಜನ ಕೂತರು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿದ್ದಿರಿ. 2017ರಲ್ಲಿ ಆದೇಶ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಆಗ ಎಲ್ಲರ ಬಾಯಲ್ಲಿ ಇದ್ದದ್ದು ಔಷಧಿ ಸಸ್ಯಗಳ ಮಾತು. ಅದು ನಿಜವೇ. ಆದರೆ ನನ್ನ ಮಟ್ಟಿಗೆ ಕಪ್ಪತಗುಡ್ಡ ಮೊದಲು ನೀರಿನ ಗುಡ್ಡ. ಅದರ ಮೇಲೆ ಬಿದ್ದ ಮಳೆ ಹಳ್ಳಗಳಾಗಿ ಇಳಿದು ಡಂಬಳದ ಕೆರೆಗೆ ಬರುತ್ತದೆ, ಬಿರುಕುಗಳಲ್ಲಿ ಇಂಗಿ ಬುಡದ ಊರುಗಳ ಬಾವಿಗೆ ಬರುತ್ತದೆ. ಚಿನ್ನದ ಕಲ್ಲಿನ ಜೊತೆಗೂ ಗಂಧಕದ ಖನಿಜಗಳು ಇರುತ್ತವೆ. ಲೂಖಾ ಹೊಳೆಯ ಕಥೆ ಹೇಳಿದ್ದು ಅದಕ್ಕೇ. ಗುಡ್ಡಕ್ಕೆ ಈಗ ಧಾಮದ ಗೆರೆ ಇದೆ. ಗೆರೆಯ ಹೊರಗೆ ಕ್ವಾರಿಗಳು ಇದ್ದೇ ಇವೆ. ನೀರು ಆ ಗೆರೆಯನ್ನೂ ನೋಡುವುದಿಲ್ಲ.

ಗಣಿಗೆ ಪರಿಸರ ಅನುಮತಿ ಕೊಡುವಾಗ ಸಾಮಾನ್ಯವಾಗಿ ಸುತ್ತ 10 ಕಿಲೋಮೀಟರ್ ಅಧ್ಯಯನ ಮಾಡುತ್ತಾರೆ. ಎಷ್ಟೋ ಸಲ ಒಂದೇ ಋತುವಿನ ಅಳತೆ. ಆ ಒಂದು ಋತುವಿನ ಅಂಕಿಯೇ ಮುಂದೆ ಎಲ್ಲ ಜಗಳದಲ್ಲೂ ಸಾಕ್ಷಿಯಾಗುತ್ತದೆ. ಬರೆದವರು ಗಣಿ ಕೇಳುವವರು ನೇಮಿಸಿದ ಜನ. ಊರಿನವರ ಕೈಯಲ್ಲಿ ಬೇರೆ ಅಂಕಿ ಇದ್ದರೆ ಮಾತ್ರ ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಇದು ತಪ್ಪು ಅನ್ನಬಹುದು.

ನಮ್ಮ ಪರವಾಗಿರುವ ಒಂದು ಕಾಗದವನ್ನೂ ಹೇಳಲೇಬೇಕು. 2015ರಿಂದ ಪ್ರತಿ ಗಣಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಗಣಿಯವರು ರಾಯಲ್ಟಿಯ ಮೇಲೆ ಒಂದು ಪಾಲು ಅದಕ್ಕೆ ಕಟ್ಟುತ್ತಾರೆ. ಆ ಹಣ ಯಾರಿಗೆ ಅಂತ ಕೇಂದ್ರದ ನಿಯಮದಲ್ಲಿ ಬರೆದಿದೆ. ಗಣಿಯಿಂದ ಹಳ್ಳದ ಹರಿವು ಕಡಿಮೆಯಾದ ಊರು, ಅಂತರ್ಜಲ ಇಳಿದ ಊರು, ನೀರು ಕೆಟ್ಟ ಊರು, ಇವೂ ಬಾಧಿತ ಊರುಗಳೇ. ಗೆರೆಯ ಹೊರಗಿನವರನ್ನು ಸರ್ಕಾರಿ ಕಾಗದವೇ ಒಪ್ಪಿಕೊಂಡಿದೆ. ಕುಡಿಯುವ ನೀರು ಆ ಹಣದ ಮೊದಲ ಸಾಲಿನ ಕೆಲಸಗಳಲ್ಲಿ ಒಂದು. ಆದರೆ ಪಂಚಾಯಿತಿಯವರು ಹೋಗಿ ಕೇಳಿದಾಗ ಅದೇ ಪ್ರಶ್ನೆ ಬರುತ್ತದೆ. ಮೊದಲು ಎಷ್ಟಿತ್ತು? ಬರೆದಿಟ್ಟಿದ್ದೀರಾ?

ಲಕ್ಕುಂಡಿಯ ಮುಸುಕಿನ ಬಾವಿಗೆ ಹೋದಾಗಲೆಲ್ಲ ನಾನು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ನೂರೊಂದು ಗುಡಿ, ನೂರೊಂದು ಬಾವಿ ಅನ್ನುತ್ತಾರೆ ಆ ಊರಿಗೆ. ಸಾವಿರ ವರ್ಷದ ಹಿಂದೆ ಕಟ್ಟಿದ ಆ ಮೆಟ್ಟಿಲುಗಳು ಇಳಿಯಲೂ ಆದವು, ಅಳೆಯಲೂ ಆದವು. ಇವತ್ತು ನೀರು ಎಷ್ಟನೇ ಮೆಟ್ಟಿಲಲ್ಲಿದೆ ಅಂತ ನೀರಿಗೆ ಬಂದ ಹೆಣ್ಣುಮಗಳು ಒಂದು ನೋಟದಲ್ಲಿ ಹೇಳುತ್ತಿದ್ದಳು. ಬೋರು ಬಂದ ಮೇಲೆ ನೀರು ನಮ್ಮ ಕಣ್ಣಿಂದಲೇ ಮರೆಯಾಯಿತು.

ಆದ್ದರಿಂದ ನಾನು ಕೇಳುವುದು ಇಷ್ಟೇ. ನಿಮ್ಮ ಊರಿನಲ್ಲಿ ಉಳಿದಿರುವ ತೆರೆದ ಬಾವಿಗಳನ್ನು ಆರಿಸಿಕೊಳ್ಳಿ, ಕ್ವಾರಿಗೆ ಹತ್ತಿರದ್ದು ಒಂದು, ದೂರದ್ದು ಒಂದು ಇರಲೇಬೇಕು. ದೂರದ್ದು ಯಾಕೆ ಅಂದರೆ, ಬರಗಾಲದಿಂದ ಇಳಿದರೆ ಎರಡೂ ಇಳಿಯುತ್ತವೆ. ಹತ್ತಿರದ್ದೇ ಜಾಸ್ತಿ ಇಳಿದರೆ ಕಾರಣ ಬೇರೆ ಇದೆ ಅಂತ ಹೇಳಬಹುದು. ನನಗೆ ಆ ಕಚೇರಿಯಲ್ಲಿ ಬೇಕಾಗಿದ್ದ ಉತ್ತರ ಇದೇ ಆಗಿತ್ತು. ಬಾವಿಯ ಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಅಳೆಯಿರಿ. ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ: ಜನವರಿ, ಮಳೆಗೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ನಾವೂ ಅದೇ ತಿಂಗಳು ಅಳೆದರೆ ಹೋಲಿಸಿ ನೋಡಬಹುದು. ಪಂಪು ನಡೆಯುತ್ತಿದ್ದರೆ ಅಳೆಯಬೇಡಿ. ನಿಲ್ಲಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಅಳೆಯಿರಿ. ಅದೇ ವಾರ ಬಿದ್ದ ಮಳೆಯನ್ನೂ ಬರೆಯಿರಿ. ವರ್ಷಕ್ಕೊಮ್ಮೆ ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಬರೆಸಿ, ಪಿಡಿಒ ಅವರ ಸಹಿ ಹಾಕಿಸಿ. ಸಹಿ ಇಲ್ಲದ ಪುಸ್ತಕಕ್ಕೂ ನನ್ನ ಪಾವಟಿಗೆಯ ಲೆಕ್ಕಕ್ಕೂ ಕಚೇರಿಯಲ್ಲಿ ಒಂದೇ ಬೆಲೆ.

ಹಿಂದಿನ ಮೇಜಿನ ಮೇಲೆ ಹಗ್ಗದ ಸುರುಳಿಗಳಿವೆ. ಒಂದೊಂದು ಮೀಟರಿಗೆ ಕೆಂಪು ದಾರದ ಗಂಟು ಹಾಕಿದ್ದೇವೆ, ತುದಿಗೆ ಕಬ್ಬಿಣದ ತುಂಡು ಕಟ್ಟಿದೆ. ಪಕ್ಕದಲ್ಲಿ ಗೆರೆ ಹಾಕಿದ ಪುಸ್ತಕಗಳಿವೆ. ಯಾವ ಊರಿಗೆ ಒಯ್ಯುತ್ತೀರಿ ಅಂತ ಹೆಸರು ಬರೆಸಿ ಒಯ್ಯಿರಿ. ಇದು ನವೆಂಬರ್. ಈ ವಾರವೇ ಮೊದಲ ಅಳತೆ ಆಗಬೇಕು.